ಕಲ್ಲುಗಣಿಯ ನಾಡಿನಲ್ಲಿ ಕನಿಷ್ಠ ವೇತನ



ನಿಮ್ಮ ಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲನ್ನು ಕಡಿದವನ ಕೈಗೆ ಎಷ್ಟು ಕೂಲಿ ಸೇರಿತೆಂದು ಎಂದಾದರೂ ಯೋಚಿಸಿದ್ದೀರಾ? ನಮ್ಮ ಭಾಗದ ಸುಣ್ಣದ ಕಲ್ಲು ಎರಡು ಬಗೆಯ ದುಡಿಮೆಗೆ ದಾರಿ ಮಾಡಿತು. ಒಂದು ಸಿಮೆಂಟ್ ಕಾರ್ಖಾನೆ, ಇನ್ನೊಂದು ಕಲ್ಲುಗಣಿ. ನೆಲ ಒಂದೇ ಆದರೂ ಇವೆರಡರ ವೇತನದ ಇತಿಹಾಸ ಬೇರೆ ಬೇರೆ.

ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಎ.ಸಿ.ಸಿ.ಯಲ್ಲಿ ಸೇರಿತು. ವಾಡಿಯ ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಮುಂದೆ ಸೇಡಂ, ಚಿತ್ತಾಪುರದ ಕಡೆಗೂ ಸಿಮೆಂಟ್ ಉದ್ಯಮ ಹಬ್ಬಿತು. ಈ ಉದ್ಯಮಕ್ಕೆ 1958ರಲ್ಲಿಯೇ ಕೇಂದ್ರ ವೇತನ ಮಂಡಳಿ ರಚನೆಯಾಗಿತ್ತು. ಕಾಯಂ ಕಾರ್ಮಿಕರಿಗೆ ಸಂಘಟನೆಯ ಬಲವಿತ್ತು. ಅಸಂಘಟಿತರಿಗೆ ಇದ್ದ ಆಸರೆ 1948ರ ಕನಿಷ್ಠ ವೇತನ ಕಾಯ್ದೆಯೊಂದೇ. ಅದು ಜಾರಿಗೆ ಬಂದದ್ದು ಮಾರ್ಚ್ 15ರಂದು. ಆಗ ನಮ್ಮ ಭಾಗವಿನ್ನೂ ನಿಜಾಮರ ಆಳ್ವಿಕೆಯಲ್ಲಿತ್ತು. ಅದರ ಮೊದಲ ಪಟ್ಟಿಯಲ್ಲೇ ಕಲ್ಲು ಒಡೆಯುವುದು, ಬೀಡಿ ಕಟ್ಟುವುದು, ಬೇಳೆ ಮಿಲ್ಲು ಇದ್ದವು. ಇವೆಲ್ಲ ನಮ್ಮವರೇ ಮಾಡುತ್ತಿದ್ದ ಕೆಲಸಗಳು.

ಕೂಲಿ ಹೆಚ್ಚಿಸಿದರೆ ಮಾಲೀಕ ಕೆಲಸ ಕಡಿತ ಮಾಡುತ್ತಾನೆ ಎಂಬ ವಾದವಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರಲ್ಲಿ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿದಾಗ, ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ 410 ಉಪಾಹಾರ ಮಂದಿರಗಳನ್ನು ಪರಿಶೀಲಿಸಿದರು. ನೌಕರಿ ಕುಗ್ಗಿದ್ದು ಅವರಿಗೆ ಕಾಣಲಿಲ್ಲ. ಆದರೆ ನಮ್ಮ ಗಣಿಗಳ ಸ್ಥಿತಿ ಬೇರೆ. ಹಾಸುಗಲ್ಲಿಗೆ ಟೈಲ್ಸ್ ಪೈಪೋಟಿ ಇದೆ, ಕೈಕೆಲಸದ ಬದಲಿಗೆ ಯಂತ್ರವೂ ಬರಬಹುದು. ಆದ್ದರಿಂದ ಆ ಫಲಿತಾಂಶವನ್ನು ಇಲ್ಲಿಗೆ ಹಾಗೆಯೇ ಹೊಂದಿಸಲಾಗದು.

ನಮಗೆ ಹತ್ತಿರದ ಪಾಠವೊಂದಿದೆ. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತ್ರಿ ಯೋಜನೆ ಆರಂಭವಾದಾಗ, ಮೊದಲ ಹಂತಕ್ಕೆ ಆಯ್ಕೆಯಾದ ಕರ್ನಾಟಕದ 5 ಜಿಲ್ಲೆಗಳಲ್ಲಿ ಅಂದಿನ ಗುಲ್ಬರ್ಗಾ ಒಂದು. ಚಿಂಚೋಳಿಯಂತಹ ತಾಲ್ಲೂಕುಗಳಿಂದ ಹೈದರಾಬಾದ್, ಮುಂಬೈಗೆ ಗುಳೆ ಹೋಗುವವರಿಗೆ ಊರಲ್ಲೇ ಕೂಲಿ ಕೊಡುವ ಆಶಯ ಅದರದು. ಇಂಬರ್ಟ್ ಮತ್ತು ಪಾಪ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇಸಿಗೆಯಲ್ಲಿ ಖಾಸಗಿ ಕೂಲಿಯೂ ಸುಮಾರು ಶೇ. 5ರಷ್ಟು ಏರಿತು. ಆದರೆ ಆ ಏರಿಕೆ ಮುಖ್ಯವಾಗಿ ಕಂಡುಬಂದದ್ದು ಯೋಜನೆಯನ್ನು ಚೆನ್ನಾಗಿ ಜಾರಿಗೊಳಿಸಿದ ರಾಜ್ಯಗಳಲ್ಲಿ. ಕಾಗದದ ಮೇಲಿನ ದರದಿಂದ ಒಲೆ ಉರಿಯುವುದಿಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ಹಳೆಯ ಪಟ್ಟಿಯನ್ನು ಕೈಬಿಟ್ಟು, ಎಲ್ಲ ನೌಕರರಿಗೂ ಕನಿಷ್ಠ ವೇತನದ ಹಕ್ಕನ್ನು ವಿಸ್ತರಿಸಿದೆ. ಬಾಕಿ ಕೇಳಲು ಹಿಂದೆ 6 ತಿಂಗಳಿದ್ದ ಅವಧಿ ಈಗ 3 ವರ್ಷ. ಆದರೆ ದುಡಿದ ದಿನದ ಲೆಕ್ಕವೇ ಇಲ್ಲದವನು ಏನನ್ನು ತೋರಿಸಿ ಕೇಳಬೇಕು?

ಓದು ಬಲ್ಲ ಮಿತ್ರರೇ, ನಿಮ್ಮ ಓಣಿಯ ಕೂಲಿಕಾರರ ಹಾಜರಿಯನ್ನೂ ಅವರು ಪಡೆದ ಹಣವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ನೆರವಾಗಿರಿ. ನೀವು ಕಲಿತ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇರೇನಿದೆ?