ಪಹಣಿಯ ಬೀಗ: ಗುಪ್ತಪದದಿಂದ ಬೆರಳ ಗುರುತಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ಮಧುಗಿರಿ ಕಂದಾಯ ಉಪವಿಭಾಗಕ್ಕೆ ಸೇರಿವೆ. ಇಲ್ಲಿನ ರೈತನಿಗೆ ಪಹಣಿ ಬರೀ ಕಾಗದವಲ್ಲ. ಬ್ಯಾಂಕಿನ ಸಾಲಕ್ಕೆ, ದಾಯಾದಿಗಳ ಪಾಲಿಗೆ, ಕೋರ್ಟಿನ ವ್ಯಾಜ್ಯಕ್ಕೆ ಅದೇ ಆಧಾರ.

ಮೊದಲು ಶಾನುಭೋಗರ, ಅನಂತರ ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಈ ದಾಖಲೆ 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರ ಸೇರಿತು. ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಹೀಗೆ ದಾಖಲಾದವು. ಪುಸ್ತಕದಲ್ಲಾದರೆ ಕೈಬರಹ ನೋಡಿ ಬರೆದವರನ್ನು ಗುರುತಿಸಬಹುದಿತ್ತು. ಗಣಕದ ಅಕ್ಷರಕ್ಕೆ ಆ ಗುರುತಿಲ್ಲ. ಹಾಗಾದರೆ ಖಾತೆದಾರನ ಹೆಸರು ಬದಲಿಸಿದವರು ಯಾರೆಂದು ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ಹಳೆಯ ಉತ್ತರ ಗುಪ್ತಪದ, ಅಂದರೆ ಪಾಸ್‌ವರ್ಡ್. ಅಮೆರಿಕದ ಎಂಐಟಿಯಲ್ಲಿ 1960ರ ದಶಕದ ಆರಂಭದಲ್ಲಿ ಹಲವರು ಒಂದೇ ಗಣಕವನ್ನು ಹಂಚಿಕೊಳ್ಳತೊಡಗಿದಾಗ ಫರ್ನಾಂಡೊ ಕೊರ್ಬಾಟೊ ಅವರ ತಂಡ ಇದನ್ನು ಬಳಕೆಗೆ ತಂದಿತು. ಎಲ್ಲರ ಹೆಸರು, ಗುಪ್ತಪದ ಒಂದೇ ಕಡತದಲ್ಲಿ ಇದ್ದಂತೆಯೇ ಇರುತ್ತಿದ್ದವು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕರು, ಹೆಚ್ಚು ಹೊತ್ತು ಗಣಕ ಬಳಸುವ ಆಸೆಯಿಂದ ಆ ಕಡತವನ್ನೇ ಮುದ್ರಿಸಿಕೊಂಡರು!

ಇದಕ್ಕೆ ಪರಿಹಾರ, ಗುಪ್ತಪದವನ್ನೇ ಇಟ್ಟುಕೊಳ್ಳದಿರುವುದು. ರಾಗಿ ಬೀಸಿದ ಮೇಲೆ ಹಿಟ್ಟು ಮತ್ತೆ ರಾಗಿಯಾಗದು. ಹಾಗೆಯೇ ಗುಪ್ತಪದವನ್ನು ಗಣಿತದ ಬೀಸುಕಲ್ಲಿಗೆ ಹಾಕಿ, ಬಂದ ‘ಹಿಟ್ಟ’ನ್ನು ಮಾತ್ರ ಇಡುತ್ತಾರೆ. ಬಳಕೆದಾರ ಮತ್ತೆ ಬಂದಾಗ ಅವನು ಒತ್ತಿದ ಪದವನ್ನೂ ಬೀಸಿ ಎರಡನ್ನೂ ಹೋಲಿಸಿದರೆ ಸಾಕು. ಇಬ್ಬರು ಒಂದೇ ಪದ ಆರಿಸಿಕೊಂಡರೂ ಹಿಟ್ಟು ಬೇರೆಯಾಗಲೆಂದು ಒಬ್ಬೊಬ್ಬರದಕ್ಕೂ ಬೇರೆ ಬೇರೆ ‘ಉಪ್ಪು’ ಬೆರೆಸುವ ಕ್ರಮವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಲೇಖನದಲ್ಲಿ ವಿವರಿಸಿದರು.

ಆದರೆ ಎಷ್ಟು ಜೋಪಾನ ಮಾಡಿದರೂ ಗುಪ್ತಪದವನ್ನು ಪಕ್ಕದ ಮೇಜಿನವರಿಗೆ ಹೇಳಿಬಿಡಬಹುದು. ತಪ್ಪು ಹೊರಬಿದ್ದಾಗ ‘ನಾನಲ್ಲ, ಯಾರೋ ನನ್ನ ಪಾಸ್‌ವರ್ಡ್ ಬಳಸಿದ್ದಾರೆ’ ಎನ್ನಬಹುದು. ಆದ್ದರಿಂದಲೇ ‘ಭೂಮಿ’ಯಲ್ಲಿ ಸಿಬ್ಬಂದಿಯ ಬೆರಳ ಗುರುತನ್ನು ಕೇಳುವ ವ್ಯವಸ್ಥೆ ಮಾಡಲಾಯಿತು. ಅಕ್ಷರ ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ ಕಚೇರಿಯಲ್ಲೇ ಅಧಿಕಾರಿಯೂ ಬೆರಳು ಒತ್ತುವಂತಾಯಿತು.

ಇದಕ್ಕೂ ಮಿತಿಯಿದೆ. ಸೋರಿಹೋದ ಗುಪ್ತಪದವನ್ನು ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಅಲ್ಲದೆ, ನಮೂದಿಸಿದವರು ಯಾರೆಂದು ಬೆರಳು ಹೇಳೀತೇ ಹೊರತು ನಮೂದು ನಿಜವೇ ಎಂದಲ್ಲ. ಖಾತೆ ಬದಲಾವಣೆಯ ತಕರಾರಿನ ಮೇಲ್ಮನವಿ ಉಪವಿಭಾಗಾಧಿಕಾರಿಯ ಮುಂದೆ ಬಂದಾಗ ಆ ಸತ್ಯವನ್ನು ಮನುಷ್ಯರೇ ವಿಚಾರಿಸಬೇಕು.