ಕೋಲಾರದ ಆಳದಲ್ಲಿ ನ್ಯೂಟ್ರಿನೊ : ಒಂದು ಪ್ರಯೋಗಪರಂಪರೆಯ ಇತಿಹಾಸ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಔನ್ಸುಗಳ ಲೆಕ್ಕದಲ್ಲಿಯೇ ಬರೆದಿರುತ್ತಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿಯ ಪ್ರವೇಶ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, 1956ರಲ್ಲಿ ಮೈಸೂರು ಸರ್ಕಾರದ ಸ್ವಾಧೀನ, 2001ರ ಫೆಬ್ರುವರಿಯಲ್ಲಿ ಮುಚ್ಚುಗಡೆ : ಇವು ಆ ಚರಿತ್ರೆಯ ಮೈಲಿಗಲ್ಲುಗಳು. ಈ ಲೆಕ್ಕದಲ್ಲಿ ಆಳವೆಂಬುದು ಕೇವಲ ಖರ್ಚಿನ ಬಾಬು. ಆಳ ಹೆಚ್ಚಿದಷ್ಟೂ ಬಂಡೆಯ ಉಷ್ಣ ಏರುವುದು, ಬಂಡೆ ಸಿಡಿಯುವ ಭಯ ಬಲಿಯುವುದು, ಗಾಳಿಯನ್ನು ಒಳಕ್ಕೆ ಕಳುಹಿಸುವ ಮತ್ತು ನೀರನ್ನು ಮೇಲಕ್ಕೆತ್ತುವ ವೆಚ್ಚ ಬೆಳೆಯುವುದು. ಈ ಆಳವನ್ನೇ ಜಮೆಯ ಕಡೆಗೆ ಬರೆದುಕೊಂಡ ಒಂದು ಗುಂಪು ಸುಮಾರು ನಾಲ್ಕು ದಶಕಗಳ ಕಾಲ ಅಲ್ಲಿ ಕೆಲಸ ಮಾಡಿತು. ಅವರು ಚಿನ್ನವನ್ನು ಅರಸಿ ಇಳಿದವರಲ್ಲ. ಮುಂಬಯಿಯಿಂದ ಬಂದ ಭೌತವಿಜ್ಞಾನಿಗಳು.

ಈ ಸಂಬಂಧದ ಬೇರು ಬೆಂಗಳೂರಿನಲ್ಲಿದೆ. 1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದ ಹೋಮಿ ಭಾಭಾ ಅವರು ಯುದ್ಧದ ನಿಮಿತ್ತ ಕೇಂಬ್ರಿಜ್ಜಿಗೆ ಹಿಂದಿರುಗಲಾರದೆ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿ, ಅಲ್ಲಿ ವಿಶ್ವಕಿರಣ ಸಂಶೋಧನ ವಿಭಾಗವನ್ನು ಕಟ್ಟಿದರು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು 1945ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ, ಅದೇ ವರ್ಷದ ಕೊನೆಗೆ ಮುಂಬಯಿಗೆ ತೆರಳಿತು. ನಂಜನಗೂಡಿನಲ್ಲಿ ಹುಟ್ಟಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದ ಬಿ. ವಿ. ಶ್ರೀಕಂಠನ್ ಅವರು 1948ರಲ್ಲಿ ಆ ಸಂಸ್ಥೆಯನ್ನು ಸೇರಿದರು. ಭಾಭಾ ಅವರ ಸೂಚನೆಯಂತೆ 1950ರ ದಶಕದ ಆದಿಯಲ್ಲಿ ವಿಶ್ವಕಿರಣಗಳನ್ನು ಎಣಿಸುವ ಉಪಕರಣಗಳೊಡನೆ ಕೋಲಾರದ ಗಣಿಗೆ ಇಳಿದವರು ಅವರು.

ಆಗಿನ ಪ್ರಶ್ನೆ ಸರಳವಾದುದು. ಆಕಾಶದಿಂದ ಬರುವ ಪ್ರೋಟಾನುಗಳು ವಾಯುಮಂಡಲದ ಪರಮಾಣುಬೀಜಗಳನ್ನು ತಾಕಿದಾಗ ಪಯಾನುಗಳು ಜನಿಸುತ್ತವೆ. ಪಯಾನುಗಳು ಒಡೆದು ಮ್ಯೂಆನುಗಳೂ ನ್ಯೂಟ್ರಿನೊಗಳೂ ಆಗುತ್ತವೆ. ಈ ಮ್ಯೂಆನುಗಳು ಬಂಡೆಯನ್ನು ಎಷ್ಟು ಆಳದವರೆಗೆ ಭೇದಿಸಬಲ್ಲವು? 1960ರ ದಶಕದ ಆದಿಯಲ್ಲಿ ಮಿಯಾಕೆ, ನರಸಿಂಹಂ, ರಮಣಮೂರ್ತಿ ಈ ಮೂವರು ಅಳತೆಯನ್ನು 2,760 ಮೀಟರಿನವರೆಗೆ ಒಯ್ದರು. ಅಲ್ಲಿ ಸುಮಾರು ಎರಡು ತಿಂಗಳ ಕಾಲ ಕಾದರೂ ಒಂದು ಮ್ಯೂಆನೂ ದಾಖಲಾಗಲಿಲ್ಲ.

ಈ ಪರಂಪರೆಯ ಅತ್ಯಂತ ಫಲವತ್ತಾದ ಫಲಿತಾಂಶವು ಪ್ರಾಯಶಃ ಈ ಸೊನ್ನೆಯೇ. ಹೇಗೆಂದರೆ, ನ್ಯೂಟ್ರಿನೊ ಎಂಬ ಕಣಕ್ಕೆ ವಿದ್ಯುದಂಶವಿಲ್ಲ. ದ್ರವ್ಯದೊಡನೆ ಅದರ ವ್ಯವಹಾರ ಎಷ್ಟು ಅಪರೂಪವೆಂದರೆ ಭೂಮಿಯನ್ನೇ ತೂರಿಕೊಂಡು ಹೋದರೂ ಬಹುತೇಕ ನ್ಯೂಟ್ರಿನೊಗಳಿಗೆ ಯಾವ ತಡೆಯೂ ಆಗದು. ಪೌಲಿ 1930ರಲ್ಲಿ ಊಹಿಸಿದ ಈ ಕಣವನ್ನು ರೈನ್ಸ್ ಮತ್ತು ಕೋವನ್ ಅವರು ಪರಮಾಣು ರಿಯಾಕ್ಟರೊಂದರ ಬಳಿ ಹಿಡಿದದ್ದು 1956ರಲ್ಲಿ. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನಂತೂ ಆವರೆಗೆ ಯಾರೂ ಕಂಡಿರಲಿಲ್ಲ. ಅಪರೂಪಕ್ಕೊಮ್ಮೆ ಇಂಥದೊಂದು ಬಂಡೆಯೊಳಗೆ ಡಿಕ್ಕಿ ಹೊಡೆದು ಮ್ಯೂಆನನ್ನು ಹುಟ್ಟಿಸಿದರೆ, ನೆಲದ ಮೇಲೆ ಅದನ್ನು ಗುರುತಿಸುವುದು ಸಂತೆಯ ಗದ್ದಲದಲ್ಲಿ ಪಿಸುಮಾತನ್ನು ಕೇಳಿದಂತೆ. ಕೋಲಾರದಲ್ಲಿ ಆ ಸಂತೆ ಅಡಗಿತ್ತು.

ಆಗ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯ ಈ ಮೂರೂ ಒಂದುಗೂಡಿದವು. ಮಂಗಳೂರಿನಲ್ಲಿ ಜನಿಸಿದ ಎಂ. ಜಿ. ಕೆ. ಮೆನನ್, ಒಸಾಕಾದ ಮಿಯಾಕೆ, ಡರ್ಹಮಿನ ವುಲ್ಫೆಂಡೇಲ್ ಇವರು ಮುಂದಾಳುಗಳು. ಚಾಂಪಿಯನ್ ರೀಫ್ ಗಣಿಯಲ್ಲಿ 2,300 ಮೀಟರ್ ಆಳದ ಸುರಂಗದಲ್ಲಿ ಉಪಕರಣಗಳನ್ನು ಹೂಡಲಾಯಿತು. ಕೋಲಾರದ ಬಂಡೆ ನೀರಿಗಿಂತ ಮೂರು ಪಟ್ಟು ಸಾಂದ್ರವಾದುದರಿಂದ, ಅವುಗಳ ತಲೆಯ ಮೇಲೆ ಸುಮಾರು ಏಳು ಸಾವಿರ ಮೀಟರ್ ನೀರಿನ ತೂಕವಿತ್ತೆನ್ನಬಹುದು. ಉಪಕರಣಗಳ ರಚನೆಯಲ್ಲಿ ಒಂದು ಜಾಣ್ಮೆಯಿತ್ತು. ಕಣಗಳು ತಾಕಿದರೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳನ್ನು ಅಂಗಾತ ಮಲಗಿಸದೆ ಗೋಡೆಗಳಂತೆ ನಿಲ್ಲಿಸಿ, ನಡುವೆ ಕಣದ ಹಾದಿಯನ್ನು ತೋರುವ ನಿಯಾನ್ ಕೊಳವೆಗಳನ್ನು ಜೋಡಿಸಿದ್ದರು. ಮೇಲಿನಿಂದ ಇಳಿಯುವ ಮ್ಯೂಆನುಗಳು ಹೆಚ್ಚಾಗಿ ನೆಟ್ಟಗೆ ಬರುತ್ತವೆ. ಓರೆಯಾಗಿ ಬರುವುವಕ್ಕೆ ದಾಟಬೇಕಾದ ಬಂಡೆ ಬಹುಪಾಲು ಹೆಚ್ಚು, ಆದ್ದರಿಂದ ಅವು ನಡುವೆಯೇ ಅಡಗಿಹೋಗುತ್ತವೆ. ಅಡ್ಡಲಾಗಿ ಬಂದ ಮ್ಯೂಆನೊಂದು ಈ ಗೋಡೆಗಳನ್ನು ದಾಟಿತೆಂದರೆ ಅದು ಆಕಾಶದಿಂದ ನೇರವಾಗಿ ಬಂದುದಲ್ಲ, ಸುತ್ತಲಿನ ಬಂಡೆಯಲ್ಲಿ ನ್ಯೂಟ್ರಿನೊ ಹೆತ್ತ ಕೂಸು ಎಂದೇ ತಿಳಿಯಬೇಕು. ಇವೆಲ್ಲವನ್ನೂ ಬಿಡಿಬಿಡಿಯಾಗಿ ಗಣಿಯ ಕೇಜಿನಲ್ಲಿಯೇ ಕೆಳಗಿಳಿಸಬೇಕಾಗಿತ್ತು. ಬಹುಪಾಲು ತಮಿಳು ಮಾತಾಡುವ ಗಣಿಕಾರ್ಮಿಕರ ದುಡಿಮೆಯಿಲ್ಲದೆ ಇದು ಆಗುತ್ತಿರಲಿಲ್ಲ; ವಿಜ್ಞಾನಪತ್ರಿಕೆಗಳ ಲೇಖನಗಳಲ್ಲಿ ಅವರ ಹೆಸರುಗಳನ್ನು ಹುಡುಕುವುದು ವ್ಯರ್ಥ.

ಅದೇ ಸಮಯದಲ್ಲಿ ದಕ್ಷಿಣ ಆಫ್ರಿಕದ ಈಸ್ಟ್ ರ‍್ಯಾಂಡ್ ಚಿನ್ನದ ಗಣಿಯಲ್ಲಿ ರೈನ್ಸರ ಗುಂಪು ಇದೇ ಬೇಟೆಯಲ್ಲಿ ತೊಡಗಿತ್ತು. ಮೊದಲಿಗರಾರು ಎಂಬ ಪ್ರಶ್ನೆಯಲ್ಲಿ ನಮ್ಮವರ ಬರಹಗಳು ಆಗಾಗ ಅಭಿಮಾನದ ಕಡೆಗೆ ವಾಲುವುದುಂಟು. ದಾಖಲೆಗಳು ಹೇಳುವುದಿಷ್ಟು : ಆಫ್ರಿಕದ ಉಪಕರಣ ಮೊದಲ ಘಟನೆಯನ್ನು ಗುರುತಿಸಿದ್ದು 1965ರ ಫೆಬ್ರುವರಿ 23ರಂದು, ಕೋಲಾರದ್ದು ಅದರ ನಂತರ. ಕೋಲಾರದ ಲೇಖನ ಸಂಪಾದಕರ ಕೈ ಸೇರಿದ್ದು ಜುಲೈ 12ರಂದು, ಅಚ್ಚಾದದ್ದು ಆಗಸ್ಟ್ 15ರ ಸಂಚಿಕೆಯಲ್ಲಿ. ರೈನ್ಸರ ಲೇಖನ ತಲುಪಿದ್ದು ಜುಲೈ 26ರಂದು, ಪ್ರಕಟವಾದದ್ದು ಆಗಸ್ಟ್ 30ರಂದು. ಕಂಡವರಲ್ಲಿ ಅವರು ಮೊದಲಿಗರು, ಪ್ರಕಟಿಸಿದವರಲ್ಲಿ ಇವರು. ಎರಡು ಖಂಡಗಳ ಎರಡು ಗಣಿಗಳಲ್ಲಿ, ಬೇರೆ ಬೇರೆ ಬಗೆಯ ಉಪಕರಣಗಳಿಂದ, ಬೆರಳೆಣಿಕೆಯ ಘಟನೆಗಳು ಒಂದೇ ಸಾಕ್ಷ್ಯವನ್ನು ನುಡಿದವೆಂಬುದೇ ಹದಿನೈದು ದಿನಗಳ ಅಂತರಕ್ಕಿಂತ ದೊಡ್ಡ ಸಂಗತಿ.

ಮುಂದಿನ ಎರಡು ಅಧ್ಯಾಯಗಳು ಇಷ್ಟು ನಿಷ್ಕೃಷ್ಟವಾಗಿಲ್ಲ. 1975ರಲ್ಲಿ ಈ ಗುಂಪು ಕೆಲವು ವಿಚಿತ್ರ ಘಟನೆಗಳನ್ನು ವರದಿ ಮಾಡಿತು. ಕಣಗಳ ಹಾದಿಗಳು ಬಂಡೆಯಿಂದ ಹೊರಡದೆ, ಬಂಡೆಗೂ ಉಪಕರಣಕ್ಕೂ ನಡುವಣ ಬಯಲಿನಲ್ಲಿಯೇ ಕೂಡಿದಂತೆ ತೋರಿದವು. ಹೊಸ ಕಣವೊಂದು ಅಲ್ಲಿ ಒಡೆಯಿತೇ ಎಂಬ ಸಂದೇಹಕ್ಕೆ ಎಡೆಯಾಯಿತು. ‘ಕೋಲಾರ ಘಟನೆಗಳು’ ಎಂಬ ಹೆಸರು ನಿಂತಿತು, ಕಣ ನಿಲ್ಲಲಿಲ್ಲ. ವೇಗವರ್ಧಕ ಯಂತ್ರಗಳಲ್ಲಿ ಅದು ಕಾಣಿಸಲಿಲ್ಲ.

ಎರಡನೆಯದು ಪ್ರೋಟಾನಿನ ಆಯುಸ್ಸು. ಪತಿ ಮತ್ತು ಸಲಾಂ, ಜಾರ್ಜಿ ಮತ್ತು ಗ್ಲಾಶೊ ಇವರ ಸಿದ್ಧಾಂತಗಳಂತೆ ಪ್ರೋಟಾನೂ ಅಳಿಯುವಂಥದು. ಅದರ ಸರಾಸರಿ ಆಯುಸ್ಸು 1ರ ಮುಂದೆ 31 ಸೊನ್ನೆಗಳಷ್ಟು ವರ್ಷಗಳೆಂದು ಭಾವಿಸೋಣ. ಯಾರೂ ಅಷ್ಟು ಕಾಲ ಕಾಯಲಾರರು. ಆದರೆ 140 ಟನ್ ಕಬ್ಬಿಣದಲ್ಲಿ ಸುಮಾರು 8ರ ಮುಂದೆ 31 ಸೊನ್ನೆಗಳಷ್ಟು ಪ್ರೋಟಾನುಗಳೂ ನ್ಯೂಟ್ರಾನುಗಳೂ ಇವೆ. ಅಲ್ಲಿಗೆ ವರ್ಷಕ್ಕೆ ಏಳೆಂಟು ಅಳಿವುಗಳ ಲೆಕ್ಕ. 1980ರಲ್ಲಿ ಇಂಥ ಉಪಕರಣವನ್ನು ಪ್ರೋಟಾನಿನ ಅಳಿವಿಗೆಂದೇ ಕೋಲಾರದಲ್ಲಿ ಹೂಡಿ, ಮರುವರ್ಷ ಅಂಥ ಅಳಿವಿರಬಹುದಾದ ಕೆಲವು ಘಟನೆಗಳನ್ನು ಪ್ರಕಟಿಸಿದರು. ಜಗತ್ತಿನ ಗಮನ ಕೋಲಾರದ ಕಡೆ ಹೊರಳಿತು. ಆದರೆ ಅಮೆರಿಕದ ಓಹಾಯೊ ರಾಜ್ಯದ ಉಪ್ಪಿನ ಗಣಿಯೊಂದರಲ್ಲಿ ಸಾವಿರಾರು ಟನ್ ನೀರನ್ನು ತುಂಬಿ ಕಾದವರು 1983ರಲ್ಲಿ ತಮಗೇನೂ ಕಾಣಲಿಲ್ಲವೆಂದರು. ಜಪಾನಿನ ಕಮಿಯೊಕಾದಲ್ಲಿಯೂ ಹಾಗೆಯೇ ಆಯಿತು. ಪ್ರೋಟಾನಿನ ಆಯುಸ್ಸಿನ ಕನಿಷ್ಠ ಮಿತಿ, ಒಡೆಯುವ ಒಂದು ಮುಖ್ಯ ಬಗೆಗೆ ಸಂಬಂಧಿಸಿದಂತೆ, ಈಗ 34 ಸೊನ್ನೆಗಳನ್ನು ದಾಟಿದೆ. ಕೋಲಾರದ ಆ ಘಟನೆಗಳನ್ನು ಪ್ರೋಟಾನಿನ ಅಳಿವೆಂದು ಇಂದು ಎಣಿಸುವಂತಿಲ್ಲ. ಆದರೂ ಅನುಮಾನಾಸ್ಪದವಾದುದನ್ನು ಬಚ್ಚಿಡದೆ ಜಗತ್ತಿನ ಪರಿಶೀಲನೆಗೆ ಒಡ್ಡಿದ್ದು ಕೋಲಾರದವರಿಗೆ ಕುಂದೆನಿಸಲಾರದು.

ಕಮಿಯೊಕಾದ ಕಥೆಯೊಡನೆ ಹೋಲಿಸಿದಾಗ ಮಾತ್ರ ಕೊರಗುಳಿಯುತ್ತದೆ. ಅವರಿಗೂ ಪ್ರೋಟಾನಿನ ಅಳಿವು ಸಿಗಲಿಲ್ಲ. 1987ರಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳು ಸಿಕ್ಕವು. ಅಲ್ಲಿಯೇ ಕಟ್ಟಿದ ಇನ್ನೂ ದೊಡ್ಡ ತೊಟ್ಟಿಯಲ್ಲಿ, 1965ರಲ್ಲಿ ಮೊದಲು ಕಂಡ ಅದೇ ವಾಯುಮಂಡಲದ ನ್ಯೂಟ್ರಿನೊಗಳು ಹಾದಿಯಲ್ಲಿ ರೂಪ ಬದಲಿಸುತ್ತವೆಂದು 1998ರಲ್ಲಿ ಸಿದ್ಧವಾಯಿತು. ಆ ಹೊತ್ತಿಗೆ ಕೋಲಾರದ ಪ್ರಯೋಗಗಳು ನಿಂತು ಕೆಲವು ವರ್ಷಗಳೇ ಆಗಿದ್ದವು. ವಿಜ್ಞಾನಿಗಳು ಗಣಿಯಲ್ಲಿ ಬಾಡಿಗೆಯವರಂತೆ ಇದ್ದವರು; ಮಾರುವ ಬೆಲೆಗಿಂತ ತೆಗೆಯುವ ವೆಚ್ಚ ಮೀರಿದ ಗಣಿ ಆಳದ ಸುರಂಗಗಳನ್ನು ಒಂದೊಂದಾಗಿ ಕೈಬಿಟ್ಟಿತು, 1990ರ ದಶಕದ ಆದಿಯಲ್ಲಿ ಪ್ರಯೋಗವೂ ಕೊನೆಗೊಂಡಿತು. ಆಳವನ್ನು ಆಳಕ್ಕಾಗಿಯೇ ಉಳಿಸಿಕೊಳ್ಳುವ ಬಾಬು ಯಾವ ಆಯವ್ಯಯದಲ್ಲಿಯೂ ಇರಲಿಲ್ಲ.

ಅದರ ಉತ್ತರಾಧಿಕಾರಿಯಾಗಿ ತಮಿಳುನಾಡಿನ ತೇಣಿ ಜಿಲ್ಲೆಯ ಬೆಟ್ಟವೊಂದರಡಿ 50,000 ಟನ್ನಿನ ಕಬ್ಬಿಣದ ಉಪಕರಣವನ್ನು ಹೂಡುವ ಯೋಜನೆಗೆ 2015ರಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ದೊರೆಯಿತು; ಸ್ಥಳೀಯ ಹಾಗೂ ಪರಿಸರದ ಆಕ್ಷೇಪಗಳಿಂದ ಅದು ತಡೆಯಲ್ಲಿ ಸಿಕ್ಕಿಕೊಂಡಿತು. ಶ್ರೀಕಂಠನ್ ಅವರು 2019ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನೀರೆತ್ತುವ ಯಂತ್ರಗಳು ನಿಂತ ಮೇಲೆ ಚಾಂಪಿಯನ್ ರೀಫಿನ ಆಳದ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ.