ಮೂಗು ಕೊಯ್ದವರು, ಮೂಗು ಕೂಡಿಸಿದವರು

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮ್ಯಾಲ ನಮ್ಮ ಹೊರ್ತಿ ಐತಿ. 1686ರಲ್ಲಿ ಔರಂಗಜೇಬ ಸೊಲ್ಲಾಪುರದ ಕಡೆಯಿಂದಲೇ ಬಿಜಾಪುರದ ಮ್ಯಾಲ ಏರಿ ಬಂದ. ಸಪ್ಟೆಂಬರಿನಲ್ಲಿ ಕೋಟೆ ಬಿತ್ತು, ಸಿಕಂದರ ಆದಿಲಶಹಾ ಶರಣಾದ. ಸಾಲಿ ಪುಸ್ತಕದಾಗ ನಾವು ಓದಿದ್ದು ಇಷ್ಟೇ. ಆ ದಂಡಿನ ಕುದುರೆಗೆ ಹುಲ್ಲು ತಂದವರು ಯಾರು, ಒಲೆಗೆ ಕಟ್ಟಿಗೆ ಕಡಿದು ಹೊತ್ತವರು ಯಾರು? ಯಾವ ಮಾಸ್ತರನೂ ಹೇಳಲಿಲ್ಲ.

ಹೇಳಿದವನು ಇಟಲಿಯಿಂದ ಬಂದು ಇಲ್ಲೇ ಬಾಳಿದ ನಿಕೊಲಾವ್ ಮನೂಚಿ. ಬಿಜಾಪುರದ ಯುದ್ಧದ ಸುದ್ದಿ ಬರೆಯುವಾಗ ಅವನು ಒಂದು ಸಂಗತಿ ದಾಖಲು ಮಾಡ್ಯಾನ. ಹುಲ್ಲು ಕೊಯ್ಯುವಂಥ ಕೆಲಸಕ್ಕೆ ಹೊರಬಿದ್ದ ಮೊಗಲರ ಆಳುಗಳು ಸಿಕ್ಕರೆ ಬಿಜಾಪುರದವರು ಕೊಲ್ಲುತ್ತಿರಲಿಲ್ಲ, ಮೂಗು ಕೊಯ್ದು ಬಿಡುತ್ತಿದ್ದರು. ಜೀವ ತೆಗೆದರೆ ಒಂದು ದಿನದ ಸುದ್ದಿ, ಮೂಗು ತೆಗೆದರೆ ಬದುಕಿರುವ ತನಕ ಮಂದಿಯ ಕಣ್ಣಾಗ ಅವಮಾನ. ಯುದ್ಧ ಬಾದಶಹರದು, ಮೂಗು ಮಾತ್ರ ಹುಲ್ಲು ಹೊರುವವನದು.

ಮನೂಚಿ ಅಲ್ಲಿಗೇ ನಿಲ್ಲಿಸಲಿಲ್ಲ. ಈ ನಾಡಿನ ವೈದ್ಯರು ಹುಬ್ಬಿನ ಮ್ಯಾಲಿನ ಹಣೆಯ ಚರ್ಮ ಬಿಡಿಸಿ, ಕೆಳಗೆ ಇಳಿಸಿ, ಹಸಿ ಮಾಂಸಕ್ಕೆ ಹಸಿ ಮಾಂಸ ಕೂಡುವಂಗ ಒಮ್ಮೆ ತಿರುವಿ ಹೊಸ ಮೂಗು ಮಾಡುತ್ತಿದ್ದರಂತೆ. ಅಂಥ ಮೂಗಿನವರನ್ನು ಬಹಳ ಮಂದಿಯನ್ನು ತಾನು ಕಂಡೆ, ಹುಬ್ಬುಗಳ ನಡುವೆ ಕಲೆ ಉಳಿದಿರುತ್ತಿತ್ತು ಅಂತಾನ. ಆ ವೈದ್ಯರ ಹೆಸರು ಅವನೂ ಬರೆಯಲಿಲ್ಲ.

ಮುಂದಿನ ಕಥೆ ಪುಣೆಯದು. ಕಾವಸಜಿ ಅನ್ನುವವ ಇಂಗ್ಲಿಷರ ದಂಡಿನಾಗ ಎತ್ತು ಹೊಡೆಯುವ ಆಳು. 1792ರ ಯುದ್ಧದಲ್ಲಿ ಟಿಪ್ಪುವಿನವರ ಕೈಗೆ ಸಿಕ್ಕು ಮೂಗು, ಒಂದು ಕೈ ಕಳಕೊಂಡ ಅಂತ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ 1794ರ ಅಕ್ಟೋಬರದಾಗ ಅಚ್ಚು ಹಾಕಿತು. (ಬರೆದವರು ಟಿಪ್ಪುವಿನ ವೈರಿಗಳು, ಅದು ನೆನಪಿರಲಿ.) ವರುಷದ ತನಕ ಮೂಗಿಲ್ಲದೆ ತಿರುಗಿದ ಮ್ಯಾಲ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಮೂಗು ಕೂಡಿಸಿದ. ಕುಂಬಾರನೆಂದೇ ಹೆಚ್ಚಿನವರು ತಿಳಿದಾರ.

ಕೆಲಸದ ಬಗೆ ನೋಡ್ರಿ. ಮೊದಲು ತೆಳ್ಳನೆಯ ಮೇಣದಲ್ಲಿ ಮೂಗಿನ ಅಚ್ಚು. ಅದನ್ನು ಚಪ್ಪಟೆ ಮಾಡಿ ಹಣೆಯ ಮ್ಯಾಲಿಟ್ಟು ಸುತ್ತ ಗೆರೆ. ಗೆರೆಯ ಒಳಗಿನ ಚರ್ಮ ಎಬ್ಬಿಸುವುದು, ಆದರೆ ಕಣ್ಣುಗಳ ನಡುವೆ ಒಂದು ಸಣ್ಣ ಎಳೆ ಬಿಡುವುದು. ಆ ಎಳೆಯಿಂದಲೇ ರಕ್ತ ಹರಿದು ಹೊಸ ಮೂಗು ಬದುಕಬೇಕು. ಹಳೆ ಗಾಯ ಕೆರೆದು ಹಸಿ ಮಾಡಿ, ಚರ್ಮ ತಿರುವಿ ಕೂಡಿಸಿ, ಹೊಲಿಗೆ ಇಲ್ಲದೆ ಕಾಚು ಸವರಿದ ಅರಿವೆಯ ಪಟ್ಟಿ ಒಂದರ ಮ್ಯಾಲೊಂದು. ನಾಕು ದಿನಕ್ಕೆ ಅದನ್ನು ತೆಗೆದು ತುಪ್ಪದಾಗ ಅದ್ದಿದ ಅರಿವೆ. ಹತ್ತನೇ ದಿನ ಹೊರಳೆ ಮುಚ್ಚದಂಗ ಮೆತ್ತನೆಯ ಬಟ್ಟೆ. ಇಪ್ಪತ್ತೈದನೇ ದಿನದ ಸುಮಾರಿಗೆ ಆ ಎಳೆಗೆ ಕತ್ತರಿ.

ಇಂಥ ಕ್ರಿಯೆ ಕಂಡ ಇಂಗ್ಲಿಷ್ ವೈದ್ಯರ ಹೆಸರು ಅಚ್ಚಾಯಿತು. ಕಾವಸಜಿಯ ಚಿತ್ರ ಬರೆದ ಜೇಮ್ಸ್ ವೇಲ್ಸನ ಹೆಸರು ಉಳಿಯಿತು. ಇದನ್ನು ತಿಳಿದು ಲಂಡನ್ನಿನಲ್ಲಿ 1814ರಲ್ಲಿ ತಾನೂ ಮಾಡಿ, 1816ರಲ್ಲಿ ಪುಸ್ತಕ ತಂದ ಕಾರ್ಪ್ಯೂ ದೊಡ್ಡವನಾದ. ಕತ್ತಿ ಹಿಡಿದ ಕೈಗೆ ಮಾತ್ರ ಹೆಸರಿಲ್ಲ, ಜಾತಿ ಐತಿ.

ಸುಶ್ರುತನಿದ್ದನಲ್ಲ ಅಂತ ಕೆಲವರು ಎದ್ದು ನಿಲ್ಲುತ್ತಾರ. ಇದ್ದ. ಅವನ ಸಂಹಿತೆಯಲ್ಲಿ ಗಲ್ಲದ ಚರ್ಮದಿಂದ ಮೂಗು ಕೂಡಿಸುವ ಕ್ರಮ ಐತಿ. ಆದರೆ ವೈದ್ಯನ ಅನ್ನ ಉಣ್ಣಬ್ಯಾಡ ಅಂದ ಮನುಸ್ಮೃತಿಯೂ ಇದೇ ನಾಡಿನದು. ರಕ್ತ ಕೀವು ಮುಟ್ಟಿದವನನ್ನು ದೂರ ಕೂಡಿಸಿ, ಈಗ ಅವನ ವಿದ್ಯೆಯ ಹೆಮ್ಮೆಯನ್ನು ಮಾತ್ರ ಹತ್ತಿರ ಕರೆದರೆ ನಾವು ಒಪ್ಪುವವರಲ್ಲ.

ಈಗ ಆ ಕತ್ತಿ ಯಂತ್ರದ ತೋಳಿಗೆ ಬಂದೈತಿ. ಡಾ ವಿಂಚಿ ಅನ್ನುವ ರೋಬೋಟಿಗೆ 2000ದಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಡಾಕ್ಟರು ದೂರ ಕುಳಿತು, ಕಣ್ಣು ಪರದೆಗೆ ಕೊಟ್ಟು ಕೈ ಆಡಿಸಿದರೆ ಯಂತ್ರದ ತೋಳು ರೋಗಿಯ ಮೈಯಾಗ ಆಡತೈತಿ. ಕೈ ನಡುಗಿದರೂ ಅದು ನಡುಗೋದಿಲ್ಲ. ಕುತ್ತಿಗೆಯ ಥೈರಾಯ್ಡ್ ಗಡ್ಡೆಯನ್ನು ಕೊರಿಯಾದಾಗ ಕಂಕುಳಿನಿಂದ ತೆಗೆದರು, ಅಮೆರಿಕದಾಗ ಕಿವಿಯ ಹಿಂದೆ, ಕೂದಲಂಚಿನಿಂದ ತೆಗೆದರು. ಸುಕ್ಕು ಎಳೆಸಿಕೊಳ್ಳುವ ಸಿರಿವಂತರಿಗೆ ಹಾಕುವ ಗೆರೆಯೇ ಅದು. ಕುತ್ತಿಗೆಯ ಮ್ಯಾಲ ಕಲೆ ಕಾಣಬಾರದು, ಅಷ್ಟೇ ಕಾರಣ. ಬರೀ ಚೆಲುವಿಕೆಗೆ ಮುಖದ ಮ್ಯಾಲ ಈ ಯಂತ್ರ ಇನ್ನೂ ಹೆಚ್ಚು ಹತ್ತಿಲ್ಲ. ತೋಳು ದಪ್ಪ, ಜಾಗ ಸಣ್ಣದು, ಖರ್ಚು ದೊಡ್ಡದು. ಮುಟ್ಟಿದ್ದರ ಅರಿವೂ ಬಹಳ ಕಾಲ ಅದಕ್ಕಿರಲಿಲ್ಲ. 2024ರ ಹೊಸ ಮಾದರಿಯಲ್ಲಿ ಒಂದಿಷ್ಟು ಬಂದೈತಿ. ಕುಂಬಾರನ ಬೆರಳಿಗೆ ಅದು ಹುಟ್ಟಾ ಇತ್ತು.

ಕಲೆ ಮುಚ್ಚುವುದು ತಪ್ಪೆಂದು ನಾವು ಅನ್ನೋದಿಲ್ಲ. ಕಲೆಯಿಂದ ಲಗ್ನ ಮುರಿದ ಹುಡುಗಿಯರನ್ನು ನಾವೂ ಕಂಡೇವಿ. ಆದರೆ ನಮ್ಮ ಸೀಮೆಯ ಓಣಿಗಳಲ್ಲಿ ಸ್ಟವ್ ಸಿಡಿದು ಸುಟ್ಟ ಹೆಣ್ಣುಮಕ್ಕಳು ಅದಾರ, ಸುಟ್ಟವರಿಗೆ ಸ್ಟವ್ ಅನ್ನುವುದು ಹೆಸರು ಮಾತ್ರ ಅನ್ನುವಂಥವರೂ ಅದಾರ. ಗಾಯ ಮಾದ ಮ್ಯಾಲ ಚರ್ಮ ಬಿಗಿದು ಗದ್ದ ಎದೆಗೆ ಅಂಟಿ, ಕತ್ತೆತ್ತಿ ಮಳೆಯ ಮೋಡ ನೋಡಲಾರರು. ಅವರಿಗೆ ಬೇಕಾದದ್ದು ರೋಬೋಟಲ್ಲ. ಆ ಬಿಗಿ ಬಿಡಿಸಿ ತೊಡೆಯ ಚರ್ಮ ತೆಗೆದು ಹಚ್ಚುವ ಡಾಕ್ಟರು, ಆಮ್ಯಾಲ ಕತ್ತು ಮತ್ತೆ ಬಿಗಿಯದಂಗ ತಿಂಗಳುಗಟ್ಟಲೆ ಕಟ್ಟುವ ಪಟ್ಟಿ, ಅಷ್ಟು ತಿಂಗಳು ಕೂಲಿ ಬಿಟ್ಟರೂ ಮನೆಯಾಗ ರೊಟ್ಟಿ.